ನೆತ್ತಿಗೆ ರೇಷ್ಮೆ, ಮೈಗೆ ಹಳೇ ಸೀರೆ

ಹಿಂದೂಪುರದ ಹತ್ತಿರದ ಲೇಪಾಕ್ಷಿಗೆ ಹೋಗಿ, ವೀರಭದ್ರನ ಗುಡಿಯ ಛಾವಣಿಯನ್ನು ಕತ್ತು ನೋಯುವಷ್ಟು ಹೊತ್ತು ನೋಡಿ ಬಂದವರಿಗೆ ಅಲ್ಲಿಯ ಗಂಡಸರ ಟೋಪಿ ಮರೆಯುವುದಿಲ್ಲ. ಹದಿನಾರನೆಯ ಶತಮಾನದ ಚಿತ್ರಗಳು ಅವು. ಎತ್ತರಕ್ಕೆ ನಿಂತ, ತುದಿ ಸಪೂರವಾದ ಆ ಟೋಪಿಯ ಹೆಸರು ಕುಲ್ಲಾಯಿ. ಪಾರಸಿಯ ‘ಕುಲಾಹ್’ ದಕ್ಷಿಣಕ್ಕೆ ಬಂದು ವಿಜಯನಗರದ ಆಸ್ಥಾನದ ಉಡುಪಾಯಿತು. ತೆಲುಗು ಕವಿ ಶ್ರೀನಾಥ ಆ ಆಸ್ಥಾನಕ್ಕೆ ಹೋದಾಗ ತಾನೂ ಕುಲ್ಲಾಯಿ ಇಟ್ಟುಕೊಳ್ಳಬೇಕಾಯಿತಲ್ಲ ಎಂದು ಗೊಣಗಿದ ಚಾಟು ಪದ್ಯವೊಂದು ಅವನ ಹೆಸರಿನಲ್ಲಿದೆ. ಸಾಮ್ರಾಜ್ಯ ಹೋಯಿತು, ಆಸ್ಥಾನ ಹೋಯಿತು, ದೊಡ್ಡವರ ತಲೆಗೆ ಪೇಟ, ರುಮಾಲು ಬಂತು. ಕುಲ್ಲಾಯಿ ಎಂಬ ಮಾತು ಮಾತ್ರ ಸಾಯದೆ ಕನ್ನಡದ ಮನೆಯೊಳಗೆ ನುಸುಳಿ ಕುಲಾವಿಯಾಗಿ, ಹಾಲು ಕುಡಿಯುವ ಕೂಸಿನ ತಲೆಯ ಮೇಲೆ ಕುಳಿತಿತು. ಅರಸರ ಎದುರು ಕೈಕಟ್ಟಿ ನಿಂತವರ ಟೋಪಿಗೆ ಇದಕ್ಕಿಂತ ಒಳ್ಳೆಯ ನಿವೃತ್ತಿ ಸಿಗುವುದು ಕಷ್ಟ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳು ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಸೀಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಹುಟ್ಟಿದ ಕೂಸು ಏನು ತೊಟ್ಟಿತ್ತು, ಅದನ್ನು ಯಾರು ಹೊಲಿದರು, ಹೊಲಿದದ್ದು ಚೆನ್ನಾಗಿತ್ತೇ ಎಂದು ಕೇಳುವುದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ವಿಮರ್ಶೆಗೆ ಎದುರಿಗೊಂದು ಕೃತಿ ಬೇಕು. ಇಲ್ಲಿಯ ಕೃತಿ ಸವೆದುಹೋಗಲೆಂದೇ ಹುಟ್ಟಿದ್ದು. ಆದರೂ ಈ ಕಸುಬಿಗೆ ಅದರದೇ ವ್ಯಾಕರಣವಿತ್ತು. ಜಾಣತನವಿತ್ತು, ಢೋಂಗಿಯೂ ಇತ್ತು.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ಕೇಳಿದರೆ ಉತ್ತರ ಸುಲಭ. 1841ರಲ್ಲಿ ವಿಕ್ಟೋರಿಯಾ ರಾಣಿಯ ಮೊದಲ ಮಗಳ ನಾಮಕರಣಕ್ಕೆಂದು ಸ್ಪಿಟಲ್‌ಫೀಲ್ಡ್ಸ್ ರೇಷ್ಮೆಯ ಮೇಲೆ ಹೋನಿಟನ್ ಲೇಸು ಹೊದಿಸಿ ಮಾಡಿದ ನಿಲುವಂಗಿಯನ್ನು ಅರಮನೆಯ ಕೂಸುಗಳು 2004ರವರೆಗೂ ತೊಟ್ಟವು. ಆಮೇಲೆ ಅದು ಹರಿದೀತೆಂದು ಹೆದರಿ ತದ್ರೂಪೊಂದನ್ನು ಮಾಡಿಸಿದರು. ಸ್ಕಾಟ್ಲೆಂಡಿನ ಏರ್‌ಶೈರ್ ಕಡೆ ಬಿಳಿ ಮಸ್ಲಿನ್ನಿನ ಮೇಲೆ ಬಿಳಿ ನೂಲಿನ ಕಸೂತಿ ಹಾಕಿದ ಕೂಸಿನ ಅಂಗಿಗಳು ಸಾವಿರಗಟ್ಟಲೆ ತಯಾರಾದವು. ಗುಡಿಸಲಿನ ಹೆಣ್ಣುಮಕ್ಕಳು ಮಂದ ಬೆಳಕಿನಲ್ಲಿ ಕಣ್ಣು ಕೆಡಿಸಿಕೊಂಡು ಹಾಕಿದ ಹೂವುಗಳು ಅವು. ಆ ಅಂಗಿಗಳ ಉದ್ದ ನೋಡಿದರೆ ನಗು ಬರುತ್ತದೆ. ಕೂಸಿನ ಪಾದ ಮುಗಿದ ಮೇಲೂ ಬಟ್ಟೆ ಕೆಳಗೆ ಹರಿಯುತ್ತಲೇ ಇರುತ್ತದೆ. ಎತ್ತಿಕೊಂಡವರ ಮಡಿಲಿನಿಂದ ಇಳಿದು ನಾಲ್ಕು ಜನಕ್ಕೆ ಕಾಣಲೆಂದು ಮಾಡಿದ ಉದ್ದ. ಒಳಗಿರುವ ಕೂಸು ಕಾಲು ಬಡಿಯಬೇಕೆಂದರೆ ಇಷ್ಟೂ ಭಾರ ಎತ್ತಬೇಕು.

ಕೋಲಾರದ ಕೂಸಿನ ಕಾಲಿಗೆ ಆ ತೊಂದರೆ ಇರಲಿಲ್ಲ. ಅದರ ಕಾಲ ಮೇಲೆ ಏನೂ ಇರುತ್ತಿರಲಿಲ್ಲ. ಸೊಂಟಕ್ಕೆ ಕರಿ ನೂಲಿನ ಉಡುದಾರ, ತೆಲುಗಿನವರ ಬಾಯಲ್ಲಿ ಮೊಲತಾಡು. ಕೈಗೆ ಬಜೆಯ ತುಂಡು ಪೋಣಿಸಿದ ಬಳೆ, ದೃಷ್ಟಿಮಣಿ. ಉಳ್ಳವರ ಮನೆಯಲ್ಲಿ ಹೆಣ್ಣು ಕೂಸಿಗೆ ಬೆಳ್ಳಿಯ ಅರಳೆಲೆ, ಗಂಡಿಗೆ ಕೊರಳಲ್ಲಿ ಹುಲಿಯುಗುರು. ಇವೆಲ್ಲ ಅಕ್ಕಸಾಲಿಯ, ಮಣಿಗಾರನ ಕೆಲಸ. ಬಟ್ಟೆಯ ಲೆಕ್ಕಕ್ಕೆ ಬಂದರೆ ಸೂಜಿ ಕಂಡದ್ದು ಮುಖ್ಯವಾಗಿ ಮೂರು: ಬೊಂತೆ, ಕುಲಾವಿ, ಅನುಕೂಲಸ್ಥರಲ್ಲಿ ಕಸೆ ಅಂಗಿ. ಮಿಕ್ಕದ್ದು ಹರಿದ ಸೀರೆ, ಹರಿದ ಪಂಚೆ.

ಈ ಹರಿದ ಸೀರೆಯನ್ನು ಬಡತನದ ಗುರುತು ಎಂದು ಬದಿಗಿಟ್ಟರೆ ಇಡೀ ವಿಷಯ ಕೈತಪ್ಪುತ್ತದೆ. ಹೊಸ ಕೈಮಗ್ಗದ ಬಟ್ಟೆ ಆಗ ಹೇಗಿರುತ್ತಿತ್ತು ಎಂದು ನೆನೆಯಬೇಕು. ಹಾಸಿನ ನೂಲು ಮಗ್ಗದ ಮೇಲೆ ಕಡಿಯಬಾರದೆಂದು ನೇಕಾರರು ಅದಕ್ಕೆ ಗಂಜಿ ತಿಕ್ಕುತ್ತಿದ್ದರು. ಮಗ್ಗದಿಂದ ಇಳಿದ ಬಟ್ಟೆ ಹಪ್ಪಳದಂತೆ ಬಿರುಸು. ಕೋಲಾರ, ಬೆಂಗಳೂರು ಸೀಮೆಯ ತೆಲುಗು ಮಾತಿನ ತೊಗಟರು ನೇಯುತ್ತಿದ್ದದ್ದು ಬಡವರುಡುವ ದಪ್ಪ ಸೀರೆ. ಅಂಥ ಸೀರೆಯನ್ನು ಹೊಸದರಲ್ಲಿ ಕೂಸಿನ ಮೈಗೆ ಸುತ್ತಿದರೆ ಚರ್ಮ ಕೆಂಪಾದೀತು. ಅದೇ ಸೀರೆಯನ್ನು ನಾಲ್ಕೈದು ವರ್ಷ ಉಟ್ಟು, ಕೆರೆಯ ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿ, ಮತ್ತೆ ಉಟ್ಟರೆ ಗಂಜಿ ಹೋಗುತ್ತದೆ, ನೂಲಿನ ಗಂಟು ಕರಗುತ್ತದೆ, ಬಣ್ಣ ಬಿಡುವುದು ನಿಲ್ಲುತ್ತದೆ, ನೀರು ಹೀರುವ ಗುಣ ಬರುತ್ತದೆ. ಅಷ್ಟು ವರ್ಷ ಒಬ್ಬ ಹೆಂಗಸಿನ ಮೈಮೇಲೆ ಹದವಾದ ಬಟ್ಟೆಯನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಕೊಳ್ಳುವಂತಿರಲಿಲ್ಲ. ಚೊಚ್ಚಲ ಬಸಿರಿಯ ತವರಿನಲ್ಲಿ ಅಜ್ಜಿಯ ಹಳೇ ಸೀರೆಗಳನ್ನು ಪಾತ್ರೆಯವನಿಗೆ ಹಾಕದೆ ಎತ್ತಿಡುತ್ತಿದ್ದದ್ದು ಇದಕ್ಕೇ. ನಾಮಕರಣದವರೆಗೆ ಕೂಸಿಗೆ ಹೊಸ ಬಟ್ಟೆ ಮುಟ್ಟಿಸಬಾರದೆಂಬ ಶಾಸ್ತ್ರಕ್ಕೆ ದೃಷ್ಟಿ, ಪುರುಡು ಎಂದು ನೂರು ಕಾರಣ ಹೇಳಿದರೂ ಅದರ ತಳದಲ್ಲಿದ್ದದ್ದು ಗಂಜಿಯ ಬಿರುಸು ಬಲ್ಲವರ ಅನುಭವ.

ಹಾಗೆ ಎತ್ತಿಟ್ಟ ಸೀರೆಗಳನ್ನು ಒಂದರ ಮೇಲೊಂದು ನಾಲ್ಕಾರು ಪದರ ಹಾಸಿ, ಸುತ್ತಲೂ ಅಂಚು ಮಡಿಚಿ, ಹೊರಗಿನಿಂದ ಒಳಕ್ಕೆ ಸಾಲುಸಾಲಾಗಿ ಕಚ್ಚಾ ಹೊಲಿಗೆ ಹಾಕಿಕೊಂಡು ಹೋದರೆ ಬೊಂತೆ. ಉತ್ತರ ಕರ್ನಾಟಕದವರ ಕೌದಿಗೆ ಇವತ್ತು ಸಿಕ್ಕಿರುವ ಹೆಸರು, ಮರ್ಯಾದೆ ಕೋಲಾರದ ಬೊಂತೆಗೆ ಸಿಕ್ಕಿಲ್ಲ. ಬಣ್ಣದ ತುಂಡುಗಳ ಆಟ, ಮೂಲೆಯ ಕುಚ್ಚು ಇಲ್ಲಿ ಕಡಿಮೆ. ಆದರೆ ಕೂಸಿನ ಕೆಳಗೆ ಹಾಸುವ ಪುಟ್ಟ ಬೊಂತೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅಲ್ಲೊಂದು ಲೆಕ್ಕ ಕಾಣುತ್ತದೆ. ಹೊಲಿಗೆಯ ಸಾಲುಗಳು ತೀರಾ ಹತ್ತಿರವಿದ್ದರೆ ಬೊಂತೆ ಗಟ್ಟಿಯಾಗಿ, ಒಗೆದರೆ ಬೇಗ ಒಣಗದು. ದೂರವಾದರೆ ಪದರಗಳು ಜಾರಿ ಒಂದೆಡೆ ಗುಡ್ಡೆ ಕಟ್ಟುತ್ತವೆ, ಕೂಸಿನ ಬೆನ್ನಿಗೆ ಒತ್ತುತ್ತದೆ. ಒಂದು ಬೆರಳಿನಷ್ಟು ಅಂತರ ಬಿಟ್ಟವಳಿಗೆ ಕೆಲಸ ಗೊತ್ತು. ಇನ್ನೊಂದು ಗುಟ್ಟು ದಾರದಲ್ಲಿದೆ. ಹೊಸ ದಾರ ಹಳೇ ಬಟ್ಟೆಯನ್ನು ಕೊಯ್ಯುತ್ತದೆ. ಅದಕ್ಕೆ ಅದೇ ಸೀರೆಯ ಅಂಚಿನಿಂದ ನೂಲೆಳೆದು ಹೊಲಿಯುತ್ತಿದ್ದ ಕೈಗಳೂ ಇದ್ದವು. ಬಟ್ಟೆ ಮತ್ತು ದಾರ ಒಟ್ಟಿಗೆ ಮುಪ್ಪಾಗಬೇಕು ಎಂಬ ಈ ತಿಳಿವಳಿಕೆ ಯಾವ ಹೊಲಿಗೆ ಕ್ಲಾಸಿನಲ್ಲೂ ಕಲಿಸುವುದಲ್ಲ.

1866ರಲ್ಲಿ ಲಂಡನ್ನಿನ ಇಂಡಿಯಾ ಕಚೇರಿಯ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಉಡುಪುಗಳ ಮೇಲೊಂದು ದೊಡ್ಡ ಪುಸ್ತಕ ಬರೆದ. ಜೊತೆಗೆ 700 ಬಟ್ಟೆ ಮಾದರಿಗಳನ್ನು ಕತ್ತರಿಸಿ 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಪ್ರತಿ ಮಾಡಿಸಿದ. ಇಲ್ಲಿಯವರು ಏನು ಉಡುತ್ತಾರೆ ಎಂದು ಅಲ್ಲಿಯ ಗಿರಣಿಯವರಿಗೆ ಗೊತ್ತಾಗಬೇಕಿತ್ತು. ಅವನು ಬಟ್ಟೆಗಳನ್ನು ಎರಡು ಗೂಡಿಗೆ ಹಾಕಿದ. ಮಗ್ಗದಿಂದ ಇಳಿದು ಹಾಗೇ ಉಡುವಂಥವು ಒಂದು, ಸೂಜಿಯಿಂದ ಹೊಲಿದವು ಇನ್ನೊಂದು. ಮುಸಲ್ಮಾನರು ಬರುವ ಮುಂಚೆ ಇಲ್ಲಿಯವರಿಗೆ ಸೂಜಿಯೇ ಗೊತ್ತಿರಲಿಲ್ಲ ಎಂಬ ಮಾತೂ ಆ ಕಾಲದ ಬಿಳಿಯ ವಿದ್ವಾಂಸರಲ್ಲಿ ಓಡಾಡುತ್ತಿತ್ತು. ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನೇ ಇದ್ದಾನೆ ಎಂದು ಅವರಿಗೆ ಹೇಳುವವರು ಇರಲಿಲ್ಲ. ‘ಹೊಲಿ’ ಎಂಬುದು ಎಲ್ಲಿಂದಲೂ ತಂದ ಮಾತಲ್ಲ, ಅಚ್ಚ ಕನ್ನಡದ್ದು. ಅದಿರಲಿ. ಬೊಂತೆಯನ್ನು ವಾಟ್ಸನ್ನನ ಯಾವ ಗೂಡಿಗೆ ಹಾಕುವುದು? ಮಗ್ಗದಿಂದ ಇಳಿದು, ಉಟ್ಟು ಸವೆದು, ಆಮೇಲೆ ಸೂಜಿಗೆ ಬಂದದ್ದು. ಅಂಗಡಿಗೆ ಬಾರದ, ಬೆಲೆ ಇಲ್ಲದ ಇಂಥ ವಸ್ತುವನ್ನು ವ್ಯಾಪಾರದ ಕಣ್ಣು ಹಿಡಿಯುವುದು ಕಷ್ಟ. 1800ರಲ್ಲಿ ಕೋಲಾರದ ಮೂಲಕ ಹಾದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ನನೂ ಮೈಸೂರು ಸೀಮೆಯುದ್ದಕ್ಕೂ ನೇಕಾರರನ್ನು ಕೂರಿಸಿಕೊಂಡು ನೂಲಿನ ಬೆಲೆ, ಬಟ್ಟೆಯ ಬೆಲೆ ಕೇಳಿ ಬರೆದುಕೊಂಡವನೇ.

ಇನ್ನು ಕುಲಾವಿ. ಬೊಂತೆ ಒಳಮನೆಯದು, ಕುಲಾವಿ ಹೊರಗಿನದು. ಕತ್ತರಿಸುವುದು ಸರಳ. ಒಂದು ಕಿವಿಯಿಂದ ನೆತ್ತಿಯ ಮೇಲೆ ಹಾಯ್ದು ಇನ್ನೊಂದು ಕಿವಿಯವರೆಗೆ ಬರುವ ಉದ್ದನೆಯ ಪಟ್ಟಿ, ಹಿಂದಲೆಗೆ ಅರ್ಧಚಂದ್ರದ ತುಂಡು, ಗದ್ದದ ಕೆಳಗೆ ಕಟ್ಟಲು ಎರಡು ಲಾಡಿ. ಅಳತೆಗೆ ಟೇಪಿಲ್ಲ, ಗೇಣು ಮತ್ತು ಬೆರಳು. ಜಾಣತನವಿರುವುದು ಹಿಂಗತ್ತಿನ ಬಳಿ. ಅಲ್ಲಿ ಅಂಚು ಮಡಿಚಿ ಕೊಳವೆ ಮಾಡಿ, ಒಳಗೆ ದಾರ ತೂರಿಸಿ ನೆರಿಗೆ ಹಿಡಿಯುತ್ತಿದ್ದರು. ಮೂರು ತಿಂಗಳ ತಲೆಗೆ ದಾರ ಬಿಗಿ, ವರ್ಷದ ತಲೆಗೆ ಸಡಿಲ. ಒಂದೇ ಕುಲಾವಿ ಕೂಸಿನ ಜೊತೆ ಬೆಳೆಯುತ್ತಿತ್ತು. ಬೆನ್ನಿನವರೆಗೆ ಇಳಿಬಿಟ್ಟರೆ ಅದೇ ಕುಂಚಿಗೆ. ಒಳಗೆ ಹಳೇ ಮಲ್ಲು ಎಂಬ ತೆಳು ಮಸ್ಲಿನ್, ಹೊರಗೆ ರವಿಕೆ ಹೊಲಿದು ಮಿಕ್ಕ ರೇಷ್ಮೆ ಕಣದ ತ್ರಿಕೋನದ ತುಂಡುಗಳು, ಅಂಚಿಗೆ ಸೀರೆಯ ಸೆರಗಿನಿಂದ ಬಿಡಿಸಿದ ಜರಿ, ನೆತ್ತಿಯ ಮೇಲೊಂದು ಗೊಂಡೆ. ಶತಮಾನದ ಕೊನೆಯ ಹೊತ್ತಿಗೆ ಒಳಗಿನ ಮಲ್ಲು ಗ್ಲಾಸ್ಗೋದ್ದೂ ಆಗಿರಬಹುದಿತ್ತು. ನಮ್ಮ ಮಸ್ಲಿನ್ ನೋಡಿ ಕಲಿತ ಸ್ಕಾಟ್ಲೆಂಡ್, ಅದನ್ನೇ ಗಿರಣಿಯಲ್ಲಿ ಮಾಡಿ, 1864ರಲ್ಲಿ ಜೋಲಾರಪೇಟೆಯಿಂದ ಮಾಲೂರಿನ ಮೇಲೆ ಬೆಂಗಳೂರಿಗೆ ಬಂದ ರೈಲಿನ ದಾರಿಯಲ್ಲೇ ನಮಗೆ ಮಾರತೊಡಗಿತ್ತು.

ಕುಲಾವಿಯ ಪರವಾಗಿ ಹೇಳಬೇಕಾದ ಮಾತು ದೊಡ್ಡದಿದೆ. ಕೋಲಾರ ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಮೇಲಿರುವ ಬಯಲು. ಮಾರ್ಗಶಿರ, ಪುಷ್ಯದಲ್ಲಿ ಬೆಳಗಿನ ಜಾವದ ಗಾಳಿ ಅಂತರಗಂಗೆ ಬೆಟ್ಟದ ಬಂಡೆಗಳನ್ನು ಸವರಿ ಬರುವಾಗ ದೊಡ್ಡವರೂ ಕಂಬಳಿ ಎಳೆದುಕೊಳ್ಳುತ್ತಾರೆ. ಕೂಸಿನ ಮೈಗೆ ಹೋಲಿಸಿದರೆ ಅದರ ತಲೆ ದೊಡ್ಡದು, ಮೈಯ ಬಿಸಿ ಅಲ್ಲಿಂದ ಬಹಳ ಸೋರುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ತೂಕ ಕಡಿಮೆಯಿರುವ ಕೂಸುಗಳನ್ನು ಕಾಪಾಡಲು ಯಂತ್ರ ಸಾಲದೆ ವೈದ್ಯರು ಕೂಸನ್ನು ತಾಯಿಯ ಎದೆಗೆ ಅಂಟಿಸಿ ಕಟ್ಟುವ ಪದ್ಧತಿ ಶುರುಮಾಡಿದರು. ಕಾಂಗರೂ ಆರೈಕೆ ಎಂದು ಅದು ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೆ. ಆ ಕೂಸಿಗೆ ತೊಡಿಸುವುದು ಏನು? ತಲೆಗೊಂದು ಟೋಪಿ, ಸೊಂಟಕ್ಕೊಂದು ಕಚ್ಚೆ, ಬೇಕಿದ್ದರೆ ಕಾಲುಚೀಲ. ಮಿಕ್ಕ ಮೈಯೆಲ್ಲ ಬರಿದು, ತಾಯಿಯ ಚರ್ಮಕ್ಕೆ ತಾಗಿಕೊಂಡಿರಬೇಕು. ಮುಳಬಾಗಿಲಿನ ಬಾಣಂತಿ ಕೋಣೆಯ ಉಡುಪಿಗೂ ಇದಕ್ಕೂ ಕಾಲುಚೀಲವೊಂದೇ ಅಂತರ.

ಪರವಾಗಿ ಹೇಳಿದ್ದಾಯಿತು. ಈಗ ತಕರಾರು. ಚಳಿಗೆಂದು ಹುಟ್ಟಿದ ಕುಲಾವಿ ಚೈತ್ರ, ವೈಶಾಖದಲ್ಲೂ ತಲೆ ಬಿಟ್ಟು ಇಳಿಯಲಿಲ್ಲ. ತೊಟ್ಟಿಲ ಶಾಸ್ತ್ರದ ದಿನ ನೆಂಟರೆಲ್ಲ ಸೇರಿದಾಗ ಬೆವರಿ ಅಳುವ ಕೂಸಿನ ತಲೆಯ ಮೇಲೆ ಜರಿ ಕುಲಾವಿ ಇರಲೇಬೇಕು, ಸೋದರಮಾವ ತಂದದ್ದಲ್ಲವೇ! ಜರಿಯ ಮುರಿದ ತಂತಿ ಕಿವಿಯ ಹಿಂದಿನ ಎಳೆಯ ಚರ್ಮವನ್ನು ಗೀರುತ್ತದೆ. ತಲೆಗೆ ಎಣ್ಣೆ ತಟ್ಟಿ, ಅದರ ಮೇಲೆ ಒಗೆಯಲಾರದ ರೇಷ್ಮೆ ಕಟ್ಟಿದರೆ ಹದಿನೈದು ದಿನದಲ್ಲಿ ಕುಲಾವಿ ಕಮಟು ವಾಸನೆ ಹೊಡೆಯುತ್ತದೆ. ಬೊಂತೆ ಕೂಸಿಗಾಗಿ ಹೊಲಿದದ್ದು, ಕುಲಾವಿ ನೋಡುವವರಿಗಾಗಿ ಹೊಲಿದದ್ದು. ವಿಕ್ಟೋರಿಯಾಳ ಕಾಲದವರು ಕಾಲಿಗೆ ಮಾಡಿದ ಅನ್ಯಾಯವನ್ನು ನಮ್ಮವರು ತಲೆಗೆ ಮಾಡಿದರು ಎಂದರೆ ತಪ್ಪಾಗಲಾರದು. ಹೊಲಿಗೆಯ ಚಂದದಲ್ಲಿ ಕುಲಾವಿ ಮುಂದು, ಒಳ್ಳೆಯ ಉಡುಪು ಎಂಬ ಲೆಕ್ಕದಲ್ಲಿ ಬೊಂತೆಯೇ ಮುಂದು. ಕುಲಾವಿಯನ್ನು ಹೊಗಳಿ ಬೊಂತೆಯನ್ನು ಮರೆಯುವುದು ಹಾಗಾಗಿಯೇ ಅನ್ಯಾಯ.

ಕಸೆ ಅಂಗಿಯ ವಿಷಯ ಹೆಚ್ಚಿಲ್ಲ. ಗುಂಡಿ ಇಲ್ಲದೆ, ಎದೆಯ ಮೇಲೆ ಅಡ್ಡ ಮಡಿಚಿ ದಾರದಿಂದ ಕಟ್ಟುವ ಅಂಗಿ. ಹೊಲಿಗೆಯ ಒರಟು ಮಗ್ಗುಲನ್ನು ಹೊರಗಿಟ್ಟು, ನಯವಾದ ಮಗ್ಗುಲನ್ನು ಮೈಗೆ ಬಿಡುತ್ತಿದ್ದವಳ ಬುದ್ಧಿಗೆ ಕೈಮುಗಿಯಬೇಕು. ಹಣವಿದ್ದವರು ಇದನ್ನು ಚಿಪ್ಪಿಗರಿಂದಲೋ ರಂಗಾರಿಗಳಿಂದಲೋ ಹೊಲಿಸಿದರು.

‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬ ಗಾದೆಯನ್ನು ಇವತ್ತು ಆತುರಗಾರರನ್ನು ಗೇಲಿ ಮಾಡಲು ಬಳಸುತ್ತಾರೆ. ಬಜೆಟ್ಟಿಗೆ ಮುಂಚೆ ಖರ್ಚಿನ ಪಟ್ಟಿ ಹಾಕಿದವರಿಗೆ, ಟಿಕೆಟ್ ಸಿಗುವ ಮುಂಚೆ ಮೆರವಣಿಗೆ ಹೊರಟ ರಾಜಕಾರಣಿಗೆ ಪತ್ರಿಕೆಗಳು ಇದನ್ನೇ ಎಸೆಯುತ್ತವೆ. ಗಾದೆ ಹುಟ್ಟಿದ ಮನೆಯಲ್ಲಿ ಅದು ನಗೆಯ ಮಾತಾಗಿರಲಿಲ್ಲ. ಹೊಲಿದಿಟ್ಟ ಕುಲಾವಿಯನ್ನು ತೊಡಲು ಕೂಸು ಉಳಿಯದಿದ್ದರೆ ಆ ಕುಲಾವಿಯನ್ನು ಏನು ಮಾಡುವುದು? ಹುಟ್ಟಿದ ಮಕ್ಕಳು ಕೈಗೆ ಹತ್ತದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪಯ್ಯ, ತಿಪ್ಪಮ್ಮ, ತೆಲುಗಿನಲ್ಲಾದರೆ ಪೆಂಟಯ್ಯ ಎಂದು ಹೆಸರಿಟ್ಟು, ಇದು ಯಾರಿಗೂ ಬೇಡದ ಕಸ ಎಂದು ಮೃತ್ಯುವಿಗೆ ಸುಳ್ಳು ಹೇಳುತ್ತಿದ್ದ ಕಾಲ. ಹರಿದ ಬಟ್ಟೆಯಲ್ಲಿ ಸುತ್ತುವುದೂ ಅದೇ ಸುಳ್ಳಿನ ಇನ್ನೊಂದು ಭಾಗ. ಮುಂಚಿತವಾಗಿ ಹೊಲಿಯದಿರುವುದು ಈ ಕಸುಬಿನ ಮೊದಲ ನಿಯಮ. ಹಾಗಾಗಿ ಕುಲಾವಿ ಹೊಲಿಯಲು ಸಿಗುತ್ತಿದ್ದದ್ದು ಹೆರಿಗೆಗೂ ನಾಮಕರಣಕ್ಕೂ ನಡುವಿನ ಹತ್ತು ಹನ್ನೆರಡು ದಿನ. ಅವಸರದ ಹೊಲಿಗೆ ಅದು. ಹೊರಗೆ ಚಂದ, ತಿರುಗಿಸಿ ನೋಡಿದರೆ ಒಳಗೆ ಉದ್ದುದ್ದ ಟಾಕು.

1876ರಿಂದ 78ರ ಬರದ ಮುಂದೆ ಈ ನಿಯಮಗಳೆಲ್ಲ ಸಣ್ಣವಾದವು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷದ ಹತ್ತಿರಕ್ಕೆ ಕುಸಿದಿತ್ತು. ಕೋಲಾರ ಸೀಮೆ ಕೆಟ್ಟದಾಗಿ ನೊಂದ ಸೀಮೆಗಳಲ್ಲಿ ಒಂದು. ಕೂಳಿಗಾಗಿ ಪಾತ್ರೆ ಮಾರಿದವರು ಹಳೇ ಸೀರೆಯನ್ನು ಎತ್ತಿಡುತ್ತಾರೆಯೇ? ಆ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಸ್ ಆನ್‌ಸ್ಟೆ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಸಾಕಿದಳು. 1890ರಲ್ಲಿ ತನ್ನ ಸಂಸ್ಥೆಯನ್ನು ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಒಪ್ಪಿಸಿದಳು. ಮಿಷನ್ನುಗಳು ಹೋದಲ್ಲೆಲ್ಲ ಹೆಣ್ಣುಮಕ್ಕಳ ಪಾಠಪಟ್ಟಿಯಲ್ಲಿ ಓದು, ಬರಹದ ಜೊತೆ ಹೊಲಿಗೆ ಇರುತ್ತಿತ್ತು. ಗುಂಡಿ, ಕಾಜಾ, ಕಾಲರು, ತೋಳಿನ ಕೂಸಿನ ಅಂಗಿ ಈ ದಾರಿಯಿಂದಲೂ ಊರಿಗೆ ಬಂತು. 1851ರಲ್ಲಿ ಪೇಟೆಂಟ್ ಪಡೆದ ಸಿಂಗರ್ ಯಂತ್ರ ಶತಮಾನ ಮುಗಿಯುವುದರೊಳಗೆ ಇಂಡಿಯಾದ ಪೇಟೆಗಳಲ್ಲಿ ಸದ್ದು ಮಾಡಿತು. ಯಂತ್ರದ ಹೊಲಿಗೆ ಗಟ್ಟಿ, ಸಾಲು ನೇರ. ಆದರೆ ಹಳೇ ಬಟ್ಟೆ ಅದರ ಸೂಜಿಯನ್ನು ತಾಳುವುದಿಲ್ಲ, ಜಾಳಾಗಿ ಹರಿಯುತ್ತದೆ. ಯಂತ್ರ ಹೊಸ ಬಟ್ಟೆಯನ್ನೇ ಕೇಳಿತು. ಕೂಸಿನ ಉಡುಪು ಹಳತರಿಂದ ಹೊಸತಕ್ಕೆ ಜಾರಲು ಇದೂ ಒಂದು ಕಾರಣ.

ಈ ಹಳೇ ಪದ್ಧತಿಯನ್ನು ಬಂಗಾರದ ಚೌಕಟ್ಟಿಗೆ ಹಾಕುವವರು ಬಾಣಂತಿ ಕೋಣೆಯ ಗಾಳಿಯನ್ನೂ ನೆನೆಯಬೇಕು. ಕಿಟಕಿಯಿಲ್ಲದ ಕತ್ತಲೆ, ಪುರುಡೆಂದು ಯಾರೂ ಮುಟ್ಟದ ಬಟ್ಟೆ, ಸೂಲಗಿತ್ತಿ ಕೈಗೆ ಸಿಕ್ಕ ಕುಡುಗೋಲಿನಿಂದ ಕೊಯ್ದ ಹೊಕ್ಕುಳಬಳ್ಳಿ, ಅದರ ಮೇಲೆ ಬೂದಿ. ಹಳೇ ಬಟ್ಟೆ ಮೆತ್ತಗಿತ್ತು ನಿಜ, ಕುದಿಸಿದ್ದಾಗಿರಬೇಕು ಎಂಬ ನಿಯಮ ಇರಲಿಲ್ಲ. ಒಗೆದ ಬಟ್ಟೆಯನ್ನು ಕೆಂಡದ ಮೇಲೆ ಬೋರಲು ಹಾಕಿದ ಮಂಕರಿಯ ಮೇಲೆ ಹರಡಿ ಸಾಂಬ್ರಾಣಿ ಹೊಗೆ ಕೊಡುತ್ತಿದ್ದ ಮನೆಗಳಲ್ಲಿ ಬಟ್ಟೆ ಬೆಚ್ಚಗೆ, ಒಣಗಿ ಗರಿಗರಿಯಾಗಿರುತ್ತಿತ್ತು. ಮಳೆಗಾಲದಲ್ಲಿ ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಅಷ್ಟು ಸೌದೆ, ಸಾಂಬ್ರಾಣಿ ಇಲ್ಲದ ಮನೆಗಳೇ ಹೆಚ್ಚು. ಹೊಲದ ಬದುವಿನ ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕಳೆ ಕೀಳಲು ಹೋದವಳ ಕೂಸಿಗೆ ಆ ಜೋಲಿಯೇ ತೊಟ್ಟಿಲು, ಅದೇ ಹೊದಿಕೆ. ಅದಕ್ಕೆ ರೇಷ್ಮೆ ತ್ರಿಕೋನದ ಕುಲಾವಿ ಹೊಲಿಯುವವರು ಯಾರು? ‘ಅಜ್ಜಿಯ ಕೈಹೊಲಿಗೆ’ ಎಂದು ನಾವು ಕರಗುವುದು ಕೆಲವು ಮನೆಗಳ ಅಜ್ಜಿಯರನ್ನು ನೆನೆದು.

ಕೂಸುಗಳ ಚರಿತ್ರೆಗೆ ಈ ಸೀಮೆ ಹೊಸದೇನಲ್ಲ. ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದಲ್ಲೇ ವಾಲ್ಮೀಕಿಯ ಆಶ್ರಮವಿತ್ತು, ಲವಕುಶರು ಅಲ್ಲೇ ಹುಟ್ಟಿದರು ಎನ್ನುತ್ತದೆ ಸ್ಥಳಪುರಾಣ. ಮಕ್ಕಳ ಹರಕೆ ಹೊತ್ತ ಹೆಂಗಸರು ಇಂದಿಗೂ ಆ ಬೆಟ್ಟ ಹತ್ತುತ್ತಾರೆ. ಪಾಪನಪಲ್ಲಿ ಎಂದಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟದ್ದರಿಂದ ಅದು ಶ್ರೀನಿವಾಸಪುರವಾಯಿತು. 1887ರಲ್ಲಿ ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪ, 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ. ಒಬ್ಬರು ‘ಜ್ಞಾಪಕ ಚಿತ್ರಶಾಲೆ’ ಬರೆದರು, ಇನ್ನೊಬ್ಬರು ‘ಭಾವ’ ಎಂದು ಆತ್ಮಕಥೆ ಬರೆದರು. ಇಬ್ಬರ ಪೇಟದ ಚಿತ್ರವೂ ಕನ್ನಡಿಗರ ಕಣ್ಣಲ್ಲಿದೆ. ಅದಕ್ಕೂ ಮುಂಚೆ ಆ ತಲೆಗಳ ಮೇಲೆ ಏನಿತ್ತು ಎಂದು ಯಾರಿಗೂ ಕೇಳಬೇಕೆನಿಸಿಲ್ಲ.

ಈಗ ಪೇಟೆಯ ಬೊಟಿಕ್‌ಗಳಲ್ಲಿ ಕೂಸಿನ ಕೌದಿ ಸಿಗುತ್ತದೆ. ಹೊಚ್ಚಹೊಸ ಬಟ್ಟೆಯನ್ನು ತುಂಡು ಮಾಡಿ, ಹಳತರಂತೆ ಕಾಣಿಸಿ, ಯಂತ್ರದಲ್ಲಿ ಹೊಲಿದು ಅಂದದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಬೊಂತೆಯ ಆಕಾರ ಉಳಿದು ಅರ್ಥ ತಿರುಗುಮುರುಗಾದ ವಸ್ತು ಅದು. ಆಸ್ಪತ್ರೆಗೆ ಹೋಗುವ ಚೀಲದಲ್ಲಿ ತಿರುಪೂರಿನ ಟೋಪಿ ಮೊದಲೇ ಕುಳಿತಿರುತ್ತದೆ, ಕೂಸು ಹುಟ್ಟುವ ಮುಂಚೆಯೇ. ಅದಕ್ಕೆ ಹೆದರಬೇಕಾದ ಕಾಲ ಹೋಯಿತು ಎಂಬುದು ಸಣ್ಣ ಸಂತೋಷವಲ್ಲ.

ಕುಲಾವಿಗೆ ಕೊನೆ ಬರುತ್ತಿದ್ದದ್ದು ಹೀಗೆ. ಮೊದಲು ಲಾಡಿ ಕಿತ್ತುಹೋಗುತ್ತದೆ, ಹೊಸ ಲಾಡಿ ಬರುತ್ತದೆ. ಎರಡನೆಯ ಕೂಸಿಗೆ ಗೊಂಡೆ ಉದುರುತ್ತದೆ. ಮೂರನೆಯದರ ಹೊತ್ತಿಗೆ ರೇಷ್ಮೆ ಸೀಳಿ ಒಳಗಿನ ಮಲ್ಲು ಇಣುಕುತ್ತದೆ. ಆಗ ಅಜ್ಜಿ ಅದನ್ನು ಬಿಚ್ಚಿ, ಜರಿಯಲ್ಲಿ ಬೆಳ್ಳಿ ಉಳಿದಿದ್ದರೆ ಸುಟ್ಟು ತೆಗೆಯಲು ಬೇರೆ ಇಟ್ಟು, ಮಿಕ್ಕ ತುಂಡುಗಳನ್ನು ಹೊಸ ಬೊಂತೆಯ ಪದರಗಳ ನಡುವೆ ಹಾಸಿ, ಮೇಲೊಂದು ಸೀರೆ ಎಳೆದು ಹೊಲಿಯಲು ಕೂರುತ್ತಿದ್ದಳು.